ತನ್ನ ಎಡೆಗೆ ತಾನೇ ಕೈಮುಗಿದವನು

ಮಹಾಲಯ ಅಮಾವಾಸ್ಯೆಯ ದಿನ ತೀರಿಕೊಂಡ ಹಿರಿಯರಿಗೆ ಬಾಳೆಲೆ ಹಾಸಿ ಎಡೆ ಇಡುವುದು ಹನಗೋಡಿನ ಎಲ್ಲ ಒಕ್ಕಲು ಮನೆಗಳಲ್ಲೂ ಉಂಟು. ಅದರಲ್ಲೇನೂ ವಿಶೇಷವಿಲ್ಲ. ಚಲುವಯ್ಯನ ಮನೆಯ ವಿಶೇಷವೆಂದರೆ, ಸಾಲಿನ ಕೊನೆಯ ಎಲೆ ಸ್ವತಃ ಚಲುವಯ್ಯನದು. ಐವತ್ತೊಂಬತ್ತು ವರ್ಷದ, ಗಟ್ಟಿಮುಟ್ಟಾಗಿ ಓಡಾಡಿಕೊಂಡಿರುವ ಈ ಮನುಷ್ಯ ಅವತ್ತು ಮಿಂದು, ಮಡಿ ಪಂಚೆ ಉಟ್ಟು, ಅಪ್ಪನ ಎಡೆಗೆ, ಅವ್ವನ ಎಡೆಗೆ, ಆಮೇಲೆ ತನ್ನ ಎಡೆಗೂ ಧೂಪ ಹಾಕಿ ಕೈಮುಗಿಯುತ್ತಾನೆ. ನೋಡಿದವರಿಗೆ ನಗಬೇಕೋ ಸುಮ್ಮನಿರಬೇಕೋ ತಿಳಿಯುವುದಿಲ್ಲ. ಕೈಮುಗಿಯುವವನಿಗೂ ತಿಳಿಯುವುದಿಲ್ಲ ಎನ್ನುವುದು ಬೇರೆ ಮಾತು.

ಅಷ್ಟಕ್ಕೇ ಮುಗಿದಿದ್ದರೆ ಹೆಂಡತಿ ಜಯಲಕ್ಷ್ಮಮ್ಮ ಹೇಗೋ ಸಹಿಸಿಕೊಳ್ಳುತ್ತಿದ್ದಳು. ಮದುವೆಯಾಗಿ ಬಂದ ವರ್ಷವೇ, ಗಂಡ ಜಗಲಿಯ ಮೇಲೆ ಕೂತಿರುವಾಗ ಒಳಗೆ ಅದೇ ಗಂಡನ ಎಡೆಗೆ ಅಡುಗೆ ಮಾಡಿದ ಹೆಣ್ಣು ಅವಳು. ಅವಳ ತಕರಾರು ಅಡುಗೆಯದು. ಉಳಿದ ಎಡೆಗಳಿಗೆಲ್ಲ ಬಾಡು ಬೀಳುತ್ತದೆ, ಮಾವನ ಎಲೆಯ ಪಕ್ಕ ಒಂದು ಕಟ್ಟು ಬೀಡಿಯೂ ಇರುತ್ತದೆ. ಚಲುವಯ್ಯನ ಎಡೆಗೆ ಮಾತ್ರ ಹೋಳಿಗೆ, ಪಾಯಸ, ಬದನೆಕಾಯಿ ಎಣ್ಣೆಗಾಯಿ. ಬಾಡಿನ ಪಾತ್ರೆಯ ಸೌಟು ಕೂಡ ಅದಕ್ಕೆ ತಾಗಕೂಡದು.

"ಬದುಕಿರೋ ನೀವು ಮೂಳೆ ಚೀಪ್ತೀರಿ, ಸತ್ತಿರೋ ನೀವು ಹೋಳಿಗೆ ತಿಂತೀರಿ," ಎಂದು ಅವಳು ಈ ವರ್ಷವೂ ಅಂದಳು. "ನಾನು ಯಾರನ್ನ ಕಟ್ಕಂಡಿವ್ನಿ ಅನ್ನೋದೇ ನಂಗೆ ಗೊತ್ತಾಗಕಿಲ್ಲ."

"ಸತ್ತೋನು ಬಾಡು ಬುಟ್ಟವ್ನೆ ಕಣೆ," ಎಂದು ಚಲುವಯ್ಯ ಪ್ರತಿವರ್ಷದ ಉತ್ತರವನ್ನೇ ಕೊಟ್ಟ.

ಈ ಎಡೆಯ ಹಿಂದೆ ಇರುವುದು ಸಾವಿರದ ಒಂಬೈನೂರ ಎಂಬತ್ತೇಳರ ಒಂದು ತಂತಿ. ಆಗ ಚಲುವಯ್ಯನಿಗೆ ಇಪ್ಪತ್ತೊಂದು. ಸಿಪಾಯಿಯಾಗಿ ಶ್ರೀಲಂಕಾಕ್ಕೆ ಹೋಗಿದ್ದ. ಅಕ್ಟೋಬರ್ ಕೊನೆಯಲ್ಲಿ ಅವನು ಸತ್ತನೆಂದು ಊರಿಗೆ ತಂತಿ ಬಂತು, ಹಿಂದೆಯೇ ಒಂದು ಗಡಿಗೆಯಲ್ಲಿ ಬೂದಿ ಬಂತು. ಅವ್ವ ಎದೆ ಬಡಿದುಕೊಂಡಳು. ಬೂದಿಯನ್ನು ಲಕ್ಷ್ಮಣತೀರ್ಥಕ್ಕೆ ಬಿಟ್ಟು, ತಿಥಿ ಮಾಡಿ, ಊರಿಗೆಲ್ಲ ಊಟ ಹಾಕಿದರು. ಅದಾಗಿ ವಾರ ಕಳೆಯುವಷ್ಟರಲ್ಲಿ ಇನ್ನೊಂದು ತಂತಿ ಬಂತು. ಚಲುವಯ್ಯ ಮದರಾಸಿನ ಆಸ್ಪತ್ರೆಯಲ್ಲಿ ಬದುಕಿದ್ದಾನೆ, ಹತ್ತೊಂಬತ್ತು ದಿನ ಎಚ್ಚರವಿಲ್ಲದೆ ಮಲಗಿದ್ದ, ಮೈಮೇಲೆ ಅಂಗಿಯೂ ನಂಬರೂ ಇಲ್ಲದ್ದರಿಂದ ಯಾರೆಂದು ತಿಳಿದಿರಲಿಲ್ಲ ಎಂದು.

ಊರಿಗೆ ಬಂದವನನ್ನು ಮುಂಬಾಗಿಲಿಂದ ಒಳಗೆ ಬಿಡಲಿಲ್ಲ. ತಿಥಿಯಾದವನು ಹೊಸದಾಗಿ ಹುಟ್ಟಬೇಕೆಂದು ಹಿರಿಯರು ಹೇಳಿದ್ದರು. ಹಿತ್ತಲಿಂದ ಕರೆತಂದು, ಮೊರದಲ್ಲಿ ಕೂರಿಸಿ, ಹಸುಗೂಸಿಗೆ ಹಚ್ಚುವ ಹಾಗೆ ನೆತ್ತಿಗೆ ಹರಳೆಣ್ಣೆ ಹಚ್ಚಿದರು. ಮೀಸೆ ಬಂದ ಸಿಪಾಯಿ ಮೊರದಲ್ಲಿ ಕುಕ್ಕರುಗಾಲಲ್ಲಿ ಕೂತಿದ್ದನ್ನು ನೆನೆದು ಊರವರು ಇವತ್ತಿಗೂ ನಗುತ್ತಾರೆ. ಮುಂದಿನ ವರ್ಷದ ಮಹಾಲಯ ಅಮಾವಾಸ್ಯೆಗೆ ಅವ್ವ ಒಂದು ಹೊಸ ತಕರಾರು ತೆಗೆದಳು. ಒಂದು ಸಲ ನೀರು ಬಿಟ್ಟ ಮೇಲೆ ನಿಲ್ಲಿಸುವ ಹಾಗಿಲ್ಲ, ನಿಲ್ಲಿಸಿದರೆ ಆ ಬೂದಿ ಯಾರದೋ ಅವರು ಹಸಿದು ಬಾಗಿಲಿಗೆ ಬರುತ್ತಾರೆ, ಎಡೆ ಇಡಲೇಬೇಕು. ಯಾರ ಹೆಸರಿಗೆ? ತಿಥಿ ನಡೆದದ್ದು ಚಲುವಯ್ಯನ ಹೆಸರಿಗೆ, ಆದ್ದರಿಂದ ಎಡೆಯೂ ಅವನ ಹೆಸರಿಗೇ. ಬಾಡು ಬಡಿಸಲು ಹೋದಾಗ ಮಗ ಅವಳ ಕೈ ಹಿಡಿದುಕೊಂಡ. ಯಾಕೆಂದು ಹೇಳಲಿಲ್ಲ.

ಹೇಳಲಿಲ್ಲ, ಯಾಕೆಂದರೆ ಆ ಬೂದಿ ಯಾರದೆಂದು ಅವನಿಗೆ ಗೊತ್ತಿತ್ತು. ಸರಗೂರಿನ ಕಂಠಪ್ಪನದು. ಲಿಂಗವಂತರ ಹುಡುಗ, ಬಾಡು ಬೇಯುವ ವಾಸನೆಗೇ ಎದ್ದು ಹೋಗುತ್ತಿದ್ದವನು. ಆ ದೇಶದಲ್ಲಿ, ಆ ಮಳೆಯಲ್ಲಿ, ಇಬ್ಬರೂ ಒಂದೇ ಟಾರ್ಪಾಲಿನಡಿ ಮಲಗುತ್ತಿದ್ದರು. ಬಾವಿಯಿಂದ ನೀರು ತರುವ ಸರದಿ ಅವತ್ತು ಬೆಳಿಗ್ಗೆ ಚಲುವಯ್ಯನದು. ಅವನಿಗೆ ಚಳಿಜ್ವರ. ಕಂಠಪ್ಪನ ಅಂಗಿ ನೆನೆದು ತೊಪ್ಪೆಯಾಗಿತ್ತು. ಚಲುವಯ್ಯನ ಒಣ ಅಂಗಿ ತೊಟ್ಟು, ಬಕೆಟ್ಟು ಹಿಡಿದು ಕಂಠಪ್ಪ ಹೊರಟ. ದಾರ ಕಿತ್ತುಹೋದ ನಂಬರಿನ ಬಿಲ್ಲೆಯನ್ನು ಚಲುವಯ್ಯ ಅದೇ ಅಂಗಿಯ ಜೇಬಿನಲ್ಲಿಟ್ಟಿದ್ದ. ಬಾವಿಕಟ್ಟೆಯಲ್ಲಿ ಹೂತಿಟ್ಟ ಬಾಂಬು ಸಿಡಿಯಿತು. ಅದಾದ ಮೇಲೆ ಟಾರ್ಪಾಲಿನ ಮೇಲೂ ಏನೋ ಬಿತ್ತು.

ಇಷ್ಟು ಗೊತ್ತು. ಗೊತ್ತಿಲ್ಲದ್ದು ಒಂದೇ, ಅದೇ ಅವನನ್ನು ಮೂವತ್ತೆಂಟು ವರ್ಷ ತಿಂದಿದೆ. "ಜ್ವರ ಐತೆ, ನೀನು ಮಲ್ಕೋ, ನಾನು ಓಯ್ತೀನಿ," ಎಂದು ಕಂಠಪ್ಪನೇ ಎದ್ದನೋ, ಇಲ್ಲ, ಮಲಗಿದ್ದವನನ್ನು ಅಲುಗಾಡಿಸಿ ಎಬ್ಬಿಸಿ "ಇವತ್ತು ನಿನ್ನ ಸರದಿ ಕಣ್ಲಾ," ಎಂದು ಚಲುವಯ್ಯನೇ ಸುಳ್ಳು ಹೇಳಿದನೋ? ಒಂದೊಂದು ದಿನ ಒಂದೊಂದು ಥರ ನೆನಪಾಗುತ್ತದೆ. ಎರಡರಲ್ಲೂ ಮಳೆಯ ಸದ್ದು ಒಂದೇ, ಬಕೆಟ್ಟಿನ ಸದ್ದೂ ಒಂದೇ. ಆಸ್ಪತ್ರೆಯಲ್ಲಿ ಸಾಹೇಬರು ಬಂದು, ನಿನ್ನ ಅಂಗಿಯಲ್ಲಿ ಸತ್ತವನು ಯಾರೆಂದು ಕೇಳಿದಾಗ ಅವನ ಬಾಯಿಂದ ಬಂದ ಮಾತು, "ಗೊತ್ತಿಲ್ಲ ಸಾಬ್." ಕಂಠಪ್ಪನ ಹೆಸರು ಕಾಣೆಯಾದವರ ಪಟ್ಟಿಗೆ ಸೇರಿತು. ಮಣ್ಣು ಮಾಡಬೇಕಾದವನನ್ನು ಸುಟ್ಟು, ಯಾರದೋ ಹೆಸರಲ್ಲಿ ಹೊಳೆಗೆ ಬಿಟ್ಟರು ಎಂದು ಆ ಮನೆಯವರಿಗೆ ಯಾವ ಬಾಯಲ್ಲಿ ಹೇಳುವುದು? ನಾಳೆ ಹೇಳೋಣ ಎಂದುಕೊಂಡ. ಆ ನಾಳೆಗೆ ವಯಸ್ಸಾಗಿ ತಲೆ ನರೆಯಿತು.

ಹಾಗೆಂದು ಅವನು ಪ್ರಯತ್ನ ಪಡಲಿಲ್ಲ ಎನ್ನುವಂತಿಲ್ಲ. ಮೂರು ಸಲ ಸರಗೂರಿಗೆ ಹೋಗಿದ್ದಾನೆ. ಮೂರು ಸಲವೂ ಬಸ್‌ಸ್ಟ್ಯಾಂಡಿನಲ್ಲಿ ಇಳಿದು, ಕಂಠಪ್ಪ ಬಾಯಿತುಂಬ ಹೇಳುತ್ತಿದ್ದ ಅವನ ಮನೆಯ ಹಿಟ್ಟಿನ ಮಿಲ್ಲನ್ನು ದೂರದಿಂದ ನೋಡಿ, ಒಂದು ಚಿಪ್ಪು ಬಾಳೆಹಣ್ಣು ಕೊಂಡು ಹಿಂತಿರುಗಿದ್ದಾನೆ. ಹನಗೋಡಿನಲ್ಲಿ ಸಿಗದ ಯಾವ ಬಾಳೆಹಣ್ಣು ಸರಗೂರಿನಲ್ಲಿ ಸಿಗುತ್ತದೆ ಎಂದು ಜಯಲಕ್ಷ್ಮಮ್ಮ ಯೋಚಿಸಿದಳು. ಯೋಚಿಸಿ, ಅಲ್ಲೊಬ್ಬಳು ಇದ್ದಾಳೆಂಬ ತೀರ್ಮಾನಕ್ಕೆ ಬಂದಳು. ಪಾಪ, ಪೂರ್ತಿ ತಪ್ಪು ತೀರ್ಮಾನವೂ ಅಲ್ಲ, ಆ ಮಿಲ್ಲಿನಲ್ಲಿ ಕಂಠಪ್ಪನ ಹೆಂಡತಿ ಕೂತಿದ್ದಳು.

ಈ ವರ್ಷದ ಎಡೆಹಬ್ಬಕ್ಕೆ ಚಲುವಯ್ಯನ ಅಣ್ಣನ ಮೊಮ್ಮಗಳು ಮಾನಸ ಮೈಸೂರಿನಿಂದ ಬಂದಳು. ಮನಃಶಾಸ್ತ್ರದಲ್ಲಿ ಎಂಎ ಓದುತ್ತಿರುವ ಹುಡುಗಿ. ಯುದ್ಧ ಕಂಡ ಮನೋವಿಶ್ಲೇಷಕರ ಆಲೋಚನೆಯನ್ನು ಆ ಯುದ್ಧ ಹೇಗೆ ತಿದ್ದಿತು ಎನ್ನುವುದರ ಮೇಲೆ ಅವಳು ಪ್ರಬಂಧ ಬರೆಯಬೇಕಿತ್ತು. ಹಬ್ಬದ ಮಾರನೆಯ ದಿನ ಹೊಗೆಸೊಪ್ಪು ಹದ ಮಾಡುವ ಬ್ಯಾರನ್ನಿನ ಮುಂದೆ ಕೂತು ತಾತನ ಜೊತೆ ಸೊಪ್ಪನ್ನು ಕಡ್ಡಿಗೆ ಕಟ್ಟುತ್ತ, ತನ್ನ ಪ್ರಬಂಧವನ್ನು ಅವನಿಗೆ ಒಪ್ಪಿಸತೊಡಗಿದಳು. ಬೇರೆ ಯಾರೂ ಕೇಳುವವರಿರಲಿಲ್ಲ.

"ವಿಯೆನ್ನಾ ಅಂತ ಒಂದೂರು ತಾತ. ಅಲ್ಲೊಬ್ಬ ದೊಡ್ಡ ಡಾಕ್ಟರು. ಕನಸು ಅಂದ್ರೆ ಒಳಗಿರೋ ಆಸೆ, ಹಗಲು ಈಡೇರದಿದ್ದನ್ನ ನಿದ್ದೇಲಿ ಈಡೇರಿಸ್ಕೊತೀವಿ ಅಂತ ಬರೆದಿದ್ದ. ಆಮೇಲೆ ಮೊದಲನೇ ಮಹಾಯುದ್ಧ ಬಂತು. ಅವನ ಮಕ್ಕಳೇ ಯುದ್ಧಕ್ಕೆ ಹೋದ್ರು. ವಾಪಸ್ ಬಂದ ಸಿಪಾಯಿಗಳಿಗೆ ದಿನಾ ಅದೇ ಬಾಂಬು ಬೀಳೋ ಕನಸು. ಬಾಂಬು ಬೀಳ್ಲಿ ಅಂತ ಯಾರಿಗಾದ್ರೂ ಆಸೆ ಇರುತ್ತಾ? ಕೊನೆಗೆ ಡಾಕ್ಟರು ತಾನು ಬರೆದಿದ್ದನ್ನೇ ತಿದ್ದಬೇಕಾಯ್ತು."

ಚಲುವಯ್ಯ ಸೊಪ್ಪಿನಿಂದ ತಲೆ ಎತ್ತಲಿಲ್ಲ. ಬಕೆಟ್ಟು ಬಾವಿಗೆ ಇಳಿಯುತ್ತಲೇ ಇರುವ ಕನಸು ಅವನಿಗೂ ವಾರಕ್ಕೆರಡು ಸಲವಾದರೂ ಬೀಳುತ್ತದೆ. ಕಂಠಪ್ಪ ಬಂದು ಕರೆಯುತ್ತಿದ್ದಾನೆ ಎಂದೇ ಇಷ್ಟು ವರ್ಷ ನಂಬಿದ್ದ. ಈಗ ನೋಡಿದರೆ ಎಲ್ಲೋ ನೂರು ವರ್ಷದ ಹಿಂದೆ, ಹೆಸರು ಗೊತ್ತಿಲ್ಲದ ಊರಿನ ಸಿಪಾಯಿಗಳಿಗೂ ಅಂಥದೇ ಕನಸು ಬೀಳುತ್ತಿತ್ತಂತೆ, ಅದನ್ನು ಡಾಕ್ಟರೊಬ್ಬ ಪುಸ್ತಕದಲ್ಲಿ ಬರೆದಿಟ್ಟಿದ್ದಾನಂತೆ. ಸಮಾಧಾನವಾಗಬೇಕಿತ್ತು. ಅದರ ಬದಲು ತನ್ನದೇನನ್ನೋ ಯಾರೋ ಕಸಿದುಕೊಂಡಂತೆ ಬೇಜಾರಾಯಿತು. ಕರೆಯುತ್ತಿರುವುದು ಕಂಠಪ್ಪನಲ್ಲವಾದರೆ ಇಷ್ಟು ವರ್ಷ ತಾನು ಹೆದರಿದ್ದು ಯಾರಿಗೆ?

"ಇನ್ನೊಬ್ಬ ಇಂಗ್ಲೆಂಡಿನೋನು," ಎಂದು ಮಾನಸ ಮುಂದುವರಿಸಿದಳು. "ಇಪ್ಪತ್ತು ವರ್ಷಕ್ಕೇ ಟ್ಯಾಂಕಿನೊಳಗೆ ಕೂತು ಯುದ್ಧ ಮಾಡ್ದೋನು. ಜೊತೇಲಿದ್ದೋರು ಕಣ್ಣೆದುರಿಗೇ ಸತ್ರು. ಆಮೇಲೆ ಮನಸ್ಸಿನ ಡಾಕ್ಟರಾದ. ಅವನು ಏನು ಹೇಳ್ತಾನೆ ಅಂದ್ರೆ, ತಡ್ಕೊಳಕ್ಕಾಗದಿರೋ ಭಯಾನ ಒಬ್ಬನೇ ಇಟ್ಕೊಂಡ್ರೆ ಅದು ಯೋಚನೆ ಆಗೋದೇ ಇಲ್ಲ, ಸುಮ್ನೆ ಒಳಗೇ ಸುತ್ತಾ ಇರುತ್ತೆ. ಇನ್ನೊಬ್ರು ಅದನ್ನ ಈಸ್ಕೊಂಡು, ಒಂದಷ್ಟು ಹೊತ್ತು ತಮ್ಮ ಹತ್ರ ಇಟ್ಕೊಂಡು, ತಡೆಯೋ ಹಂಗೆ ಮಾಡಿ ವಾಪಸ್ ಕೊಡಬೇಕು. ತಾಯಿ ಅಳೋ ಕೂಸಿಗೆ ಮಾಡ್ತಾಳಲ್ಲ, ಹಂಗೆ."

ಚಲುವಯ್ಯನ ಕೈ ನಿಂತಿತು. "ಅವನು ಆ ಸತ್ತೋರ ಮನೆಗಳ್ಗೆ ಓಗಿದ್ನಾ?"

"ಯಾರು ತಾತ?"

"ಅದೇ, ಟ್ಯಾಂಕಿನೋನು. ಜೊತೇಲಿದ್ದೋರು ಸತ್ರು ಅಂದ್ಯಲ್ಲ, ಅವರವ್ವಂದ್ರು ಎಂಡ್ರು ಇದ್ದೇ ಇರ್ತಾರಲ್ವಾ. ಓಗಿ ಹೇಳುದ್ನಾ ಅಂತ."

"ನಾನು ಓದಿರೋದ್ರಲ್ಲಿ ಅದಿಲ್ಲ."

"ಅಷ್ಟೊಂದು ಬರದವ್ನೆ ಅಂತೀಯ. ಅದೊಂದು ಬರೀಲಿಲ್ವಾ?"

ಚಲುವಯ್ಯ ಕೈಯಲ್ಲಿದ್ದ ಸೊಪ್ಪನ್ನು ಪಕ್ಕಕ್ಕಿಟ್ಟು, ಜೀವಮಾನದಲ್ಲಿ ಮೊದಲ ಸಲ, ಟಾರ್ಪಾಲಿನಿಂದ ಹಿಡಿದು ಬಾಳೆಹಣ್ಣಿನವರೆಗೆ ಎಲ್ಲವನ್ನೂ ಇಪ್ಪತ್ತಮೂರು ವರ್ಷದ ಆ ಹುಡುಗಿಗೆ ಹೇಳಿಬಿಟ್ಟ. ಹೇಳುವಾಗಲೂ ಎರಡು ಥರ ಹೇಳಿದ. ಒಂದು ಸಲ ಕಂಠಪ್ಪ ತಾನಾಗಿಯೇ ಎದ್ದ, ಇನ್ನೊಂದು ಸಲ ಚಲುವಯ್ಯ ಎಬ್ಬಿಸಿದ. ಹುಡುಗಿಯ ಕಣ್ಣು ತುಂಬಿತು. ಓದಿದ ಹುಡುಗಿಯಾದ್ದರಿಂದ ಒರೆಸಿಕೊಂಡು ಓದಿದ್ದನ್ನೇ ಹೇಳಿದಳು.

"ಇದಕ್ಕೊಂದು ಹೆಸರಿದೆ ತಾತ. ಜೊತೆಗಾರ ಸತ್ತು ತಾನು ಉಳಿದಾಗ ಹಂಗನ್ಸುತ್ತೆ. ತಪ್ಪಿತಸ್ಥ ಭಾವನೆ ಅಂತಾರೆ."

"ಭಾವನೆ ಅಲ್ಲ ಕಣವ್ವ," ಎಂದ ಚಲುವಯ್ಯ. "ಆ ಎಣ್ಣುಮಗಳಿಗೆ ಹೇಳ್ದೆ ಇದ್ದುದ್ದು ತಪ್ಪು. ಅವಳು ಇನ್ನೂ ಮಿಲ್ಲಲ್ಲಿ ಕೂತವ್ಳೆ. ಈಗ ಓಗಿ ಹೇಳುದ್ರೆ ಅವಳಿಗೆ ಒಳ್ಳೇದಾ ಕೆಟ್ಟುದ್ದಾ, ಅದ ಹೇಳು."

"ನಂಗೊತ್ತಿಲ್ಲ ತಾತ."

"ಎಂಎ ಓದ್ತಾ ಇವ್ನಿ ಅಂತೀಯ."

ಅವಳು ನಿಜಕ್ಕೂ ಪೆಚ್ಚಾದಳು. ಅವನಿಗೆ ಅಯ್ಯೋ ಅನ್ನಿಸಿತು. ಈ ಮಗು ಏನು ಮಾಡೀತು? ಅಷ್ಟು ದೊಡ್ಡ ಡಾಕ್ಟರುಗಳು ಯುದ್ಧದಿಂದ ಬಂದು ಜಗತ್ತಿಗೆ ಬುದ್ಧಿ ಹೇಳುವ ಪುಸ್ತಕ ಬರೆದರು. ಅಂಥದೇ ಯುದ್ಧದಿಂದ ಬಂದ ಚಲುವಯ್ಯ ಒಂದು ಎಡೆಗೆ ಬಾಡು ನಿಲ್ಲಿಸಿದ. ಅವನ ಕೈಲಾದ ಶಾಸ್ತ್ರ ಅಷ್ಟೇ. ಅದರಿಂದ ಸರಗೂರಿನವಳಿಗೆ ಏನು ಬಂತು ಎಂದು ಅವನು ತನ್ನನ್ನೇ ಕೇಳಿಕೊಂಡ. ಏನೂ ಬರಲಿಲ್ಲ.

ಶುಕ್ರವಾರ ಬೆಳಿಗ್ಗೆ ಹತ್ತು ಕೆಜಿ ರಾಗಿಯನ್ನು ಚೀಲಕ್ಕೆ ತುಂಬಿ ಹೆಗಲಿಗೇರಿಸಿದ. ಬರಿಗೈಯಲ್ಲಿ ಹೋದರೆ ಮತ್ತೆ ಬಾಳೆಹಣ್ಣು ಕೊಂಡು ಬಂದುಬಿಡುತ್ತೇನೆ, ರಾಗಿ ಇದ್ದರೆ ಮಿಲ್ಲಿನ ಒಳಗೆ ಕಾಲಿಡಲೇಬೇಕಾಗುತ್ತದೆ ಎನ್ನುವುದು ಅವನ ಲೆಕ್ಕಾಚಾರ. ಜಯಲಕ್ಷ್ಮಮ್ಮ ಬಾಗಿಲಲ್ಲಿ ನಿಂತು ಚೀಲವನ್ನೂ ಗಂಡನನ್ನೂ ನೋಡಿದಳು.

"ಇಲ್ಲೇ ಎಲ್ಡು ಮಿಲ್ಲವೆ."

"ಸರಗೂರಿಗೆ ಓಗಿ ಬತ್ತೀನಿ."

"ಗೊತ್ತು ಬುಡಿ. ನಂಗೊತ್ತಿಲ್ವಾ," ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ, ಅದೇ ಅವನಿಗೆ ಚುಚ್ಚಿತು.

"ನೀನು ಅಂದ್ಕಂಡಂಗಲ್ಲ ಕಣೆ. ಬಂದು ಎಲ್ಲಾನೂ ಹೇಳ್ತೀನಿ."

ಹನಗೋಡಿನಿಂದ ಹುಣಸೂರು, ಅಲ್ಲಿಂದ ಕೋಟೆ, ಕೋಟೆಯಿಂದ ಸರಗೂರು. ಮೂರು ಬಸ್ಸು ಹತ್ತಿ ಇಳಿದ. ಪ್ರತಿ ಬಸ್ಸಿನಲ್ಲೂ ಕಂಡಕ್ಟರು ಚೀಲ ನೋಡಿ, ಯಾವ ಸಂತೆಗೆ ಯಜಮಾನ್ರೇ ಎಂದು ಕೇಳಿದ. ಹೇಳಬೇಕಾದ ಮಾತನ್ನು ದಾರಿಯುದ್ದಕ್ಕೂ ಜೋಡಿಸಿದ. ಮೊದಲು ಸುದ್ದಿ ಹೇಳಿ ಆಮೇಲೆ ಕ್ಷಮೆ ಕೇಳುವುದೋ, ಮೊದಲು ಕ್ಷಮೆ ಕೇಳಿ ಆಮೇಲೆ ಸುದ್ದಿಯೋ? ಸರದಿಯ ವಿಷಯದಲ್ಲಿ ಯಾವ ಥರ ಹೇಳುವುದು, ಕಂಠಪ್ಪನೇ ಎದ್ದನೆಂದೋ, ತಾನು ಎಬ್ಬಿಸಿದೆನೆಂದೋ? ಕೋಟೆ ಬರುವಷ್ಟರಲ್ಲಿ ಜೋಡಿಸಿದ್ದೆಲ್ಲ ಕಲಸಿಹೋಯಿತು. ಸರಗೂರಿನಲ್ಲಿ ಇಳಿದಾಗ ತಲೆಯಲ್ಲಿ ಒಂದು ಮಾತೂ ಉಳಿದಿರಲಿಲ್ಲ, ಹೆಗಲ ಮೇಲೆ ರಾಗಿ ಮಾತ್ರ ಇತ್ತು.

ಮಿಲ್ಲು ಓಡುತ್ತಿತ್ತು. ಕಂಠಪ್ಪನ ಹೆಂಡತಿ ಸುಕನ್ಯ ಐವತ್ತಾರರ ಹೆಂಗಸು, ತಲೆ, ಹುಬ್ಬು, ಸೆರಗು ಎಲ್ಲ ಹಿಟ್ಟುಮಯ. ಹಣೆಯಲ್ಲಿ ವಿಭೂತಿ, ಅದರ ಕೆಳಗೆ ಕಾಸಗಲದ ಕುಂಕುಮ. ಕುಂಕುಮ ನೋಡಿ ಚಲುವಯ್ಯ ಚೀಲವನ್ನು ಹೆಗಲಿಂದ ಇಳಿಸಿ ನೆಲಕ್ಕಿಟ್ಟ.

"ರಾಗಿನಾ?" ಎಂದು ಅವಳು ಯಂತ್ರದ ಸದ್ದಿನ ಮೇಲೆ ಕೂಗಿದಳು. "ತಕ್ಕಡೀಲಿ ಇಡಿ."

"ನಾನು ಕಂಠಪ್ಪನ ಜೊತೆ ಮಿಲಿಟ್ರೀಲಿದ್ದೋನು."

"ಮುದ್ದೆಗೋ ರೊಟ್ಟಿಗೋ?"

"ಕಂಠಪ್ಪನ ಜೊತೆ," ಎಂದು ಅವನು ಗಂಟಲು ಹರಿಯುವಂತೆ ಕೂಗಿದ. "ಶ್ರೀಲಂಕಾದಲ್ಲಿ. ನಾನೂ ಅವನೂ ಜೊತೇಲಿದ್ದೊ."

ಸುಕನ್ಯ ಗೋಡೆಯ ಸ್ವಿಚ್ಚಿಗೆ ಕೈ ಹಾಕಿದಳು. ಬೆಲ್ಟು ನಿಧಾನವಾಗಿ ನಿಂತಿತು. ಅಷ್ಟು ಹೊತ್ತೂ ಅವಳು ಅವನ ಮುಖವನ್ನೇ ನೋಡುತ್ತಿದ್ದಳು.

"ಮಕ್ಕಳೆಷ್ಟು?" ಎಂದು ಕೇಳಿದಳು.

ಇದೇನು ಉಪಚಾರದ ಮಾತೆಂದು ಚಲುವಯ್ಯನಿಗೆ ಗಲಿಬಿಲಿಯಾಯಿತು. "ಎಲ್ಡು ಎಣ್ಣು ತಾಯಿ. ಇಬ್ರಿಗೂ ಮದುವೆ ಆಯ್ತು."

"ನಿಮ್ಮದಲ್ಲ. ಅವರದು. ಎಲ್ಲವ್ರೆ ಅವ್ರು? ಆ ಕಡೆಯೋಳನ್ನೇ ಮಾಡ್ಕೊಂಡು ಅಲ್ಲೇ ನಿಂತ್ರು ಅಂತ ಊರೋರೆಲ್ಲ ಅಂದ್ರು. ಮಕ್ಕಳೆಷ್ಟು, ಹೇಳಿ ಪರವಾಗಿಲ್ಲ. ನಂಗೇನೂ ಆಗಲ್ಲ ಈಗ."

ಚಲುವಯ್ಯ ರಾಗಿ ಚೀಲದ ಮೇಲೆ ಕುಸಿದು ಕೂತ. ಇವಳು ಕಾಯುತ್ತಿದ್ದಾಳೆ ಎಂದುಕೊಂಡಿದ್ದ. ಅಳುತ್ತಿದ್ದಾಳೆ ಎಂದುಕೊಂಡಿದ್ದ. ತನ್ನ ಬಾಯಿ ಮುಚ್ಚಿದ್ದರಿಂದ ಸತ್ತವನೊಬ್ಬ ಮೂವತ್ತೆಂಟು ವರ್ಷ ಹೆಂಡತಿಯನ್ನು ಬಿಟ್ಟು ಓಡಿಹೋದವನಾಗಿ ಬದುಕಿದ್ದಾನೆ ಎಂದು ಅವನ ಯಾವ ಕನಸಿನಲ್ಲೂ ಬಂದಿರಲಿಲ್ಲ.

ಹೇಳಿದ. ಮೊದಲಿನದು ಕೊನೆಗೆ, ಕೊನೆಯದು ಮೊದಲಿಗೆ ಆಯಿತು. ಅಂಗಿ, ಬಾವಿ, ಬಿಲ್ಲೆ, ಬೂದಿ. "ಸುಟ್ಟುಬುಟ್ರು ತಾಯಿ. ನಿಮ್ಮಲ್ಲಿ ಮಣ್ಣು ಮಾಡ್ತೀರಿ ಅಂತ ನಂಗೊತ್ತಿತ್ತು. ನಮ್ಮ ಅವ್ವ ಬೂದೀನ ಲಕ್ಷ್ಮಣತೀರ್ಥಕ್ಕೆ ಬುಟ್ಳು. ನಮ್ಮನೇಲಿ ವರ್ಸವರ್ಸ ಎಡೆ ಇಕ್ತೀವಿ. ಬಾಡು ಇಕ್ಕಿಲ್ಲ, ಮುಟ್ಸೂ ಇಲ್ಲ." ಆಮೇಲೆ ಸರದಿಯ ಮಾತು ಬಂತು. "ಅವತ್ತು ನೀರು ತರೋ ಸರದಿ ನಂದು. ಅವನೇ ಓದ್ನೋ, ನಾನೇ ಕಳ್ಸುದ್ನೋ, ಅದು ಮಾತ್ರ ನಂಗೆ ಗೊತ್ತಾಗ್ತಿಲ್ಲ. ಸುಳ್ಳಲ್ಲ ತಾಯಿ, ನಿಜವಾಗ್ಲೂ ಗೊತ್ತಾಗ್ತಿಲ್ಲ."

ಸುಕನ್ಯ ಗೋಡೆಗೆ ಒರಗಿ ನಿಂತು ಕೇಳಿದಳು. ಸರದಿಯ ಬಗ್ಗೆ ಏನೂ ಅನ್ನಲಿಲ್ಲ. ಒಂದೇ ಒಂದು ಪ್ರಶ್ನೆ ಕೇಳಿದಳು. "ಲಿಂಗ ಕೊರಳಲ್ಲಿತ್ತಾ?"

ಇದಕ್ಕೆ ಚಲುವಯ್ಯ ತಡಕಾಡಬೇಕಾಗಲಿಲ್ಲ. ಇಷ್ಟು ವರ್ಷಗಳ ಮಬ್ಬಿನಲ್ಲಿ ಇದೊಂದು ಮಾತ್ರ ಹಗಲಿನಷ್ಟು ಸ್ಪಷ್ಟವಾಗಿತ್ತು. ಚಲುವಯ್ಯನ ಅಂಗಿಯ ಗುಂಡಿ ಹಾಕಿಕೊಳ್ಳುತ್ತ ಕಂಠಪ್ಪ ಕೊರಳ ಲಿಂಗದ ಕರಡಿಗೆಯನ್ನು ಎತ್ತಿ ಕಣ್ಣಿಗೊತ್ತಿಕೊಂಡು ಒಳಗೆ ಬಿಟ್ಟಿದ್ದ.

"ಕೊರಳಲ್ಲೇ ಇತ್ತು ತಾಯಿ. ನಾನೇ ಕಣ್ಣಾರೆ ನೋಡ್ದೆ."

"ಸಾಕು," ಎಂದಳು ಸುಕನ್ಯ. ಕೆಳಗೆ ಕೂತಳು. "ದಿನಾ ಬೈತಿದ್ದೆ ಕಣಣ್ಣ ಅವರನ್ನ. ಬೆಳಿಗ್ಗೆ ಮಿಲ್ಲು ಶುರು ಮಾಡ್ದಾಗ ಒಂದ್ಸಲ, ಬಾಗಿಲು ಹಾಕೋವಾಗ ಒಂದ್ಸಲ. ಈ ಸದ್ದಲ್ಲಿ ಯಾರಿಗೂ ಕೇಳ್ಸಲ್ಲ ಅಂತ ಬಾಯಿಗೆ ಬಂದಂಗೆ ಬೈತಿದ್ದೆ. ಹಿಂದಿಗೂ ಮುಂದಿಗೂ ನೆಲೆಯಾಗದಂಗೆ ಹಾಳಾಗಿ ಹೋಗ್ಲಿ ಅಂತ. ಅವ್ರು ಆಗ್ಲೇ ಹೋಗಿದ್ರಲ್ಲ."

"ನನ್ನ ಬೈಯಿ ತಾಯಿ," ಎಂದ ಚಲುವಯ್ಯ. "ಬೈಸ್ಕಳಕ್ಕೇ ಬಂದಿವ್ನಿ."

ಅವಳು ಅವನನ್ನು ನೋಡಿದಳು. ಕೆನ್ನೆಯ ಹಿಟ್ಟಿನ ಮೇಲೆ ನೀರು ಇಳಿಯತೊಡಗಿತ್ತು, ಒರೆಸಿಕೊಳ್ಳಲು ಹೋಗಿ ಮುಖವೆಲ್ಲ ಅಂಟಂಟಾಯಿತು.

"ಬೈಬೇಕು. ಬೈದೆ ಬಿಡಲ್ಲ ನಿಮ್ಮನ್ನ," ಎಂದಳು. "ಇವತ್ತಾಗಲ್ಲ. ಇವತ್ತು ಅವರಿಗೋಸ್ಕರ ಅಳಬೇಕು ನಾನು, ಇಷ್ಟು ವರ್ಷ ಅತ್ತೇ ಇಲ್ಲ. ನಿಮ್ಮನ್ನ ಬೈಯೋಕೆ ಇನ್ನೊಂದಿನ ಬನ್ನಿ."

ಚಲುವಯ್ಯ ಎದ್ದು ನಿಂತ. ಹೋಗಬೇಕೋ ಇರಬೇಕೋ ತಿಳಿಯಲಿಲ್ಲ. "ಯಾವತ್ತು ಬರ್ಲಿ ತಾಯಿ?"

"ಸೋಮವಾರ ಒಂದು ಬಿಟ್ಟು ಯಾವತ್ತಾದ್ರೂ ಬನ್ನಿ. ಸೋಮವಾರ ದೇವರ ದಿನ, ಅವತ್ತು ನಾನು ಅವರನ್ನೂ ಬೈತಿರ್ಲಿಲ್ಲ."